ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ನಡುವೆ ನಗು

ಸರ್ಕಾರಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ, ಜೋಕು ಹೇಳಿಯೇ ಇಂಗ್ಲಿಷ್ ಕಲಿಸುತ್ತಿದ್ದರು ಅಂತ ಯಾರೋ ಅವರ ಕಿವಿಗೆ ಹಾಕಿರುತ್ತಾರೆ. ಬಂದವರು ನೋಟ್‌ಬುಕ್ ತೆರೆದು, ಪೆನ್ನು ಹಿಡಿದು, ‘ನಿಮ್ಮ ವಿಧಾನ ಹೇಳಿ ಮೇಡಂ’ ಎನ್ನುತ್ತಾರೆ. ವಿಧಾನ ಹೇಳಲು ಎರಡು ನಿಮಿಷ ಸಾಕು. ಆ ವಿಧಾನದಲ್ಲಿ ನಾನು ಮಾಡಿದ ತಪ್ಪು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಹೇಳಲು ಮಾತ್ರ ಇಡೀ ಬೆಳಗು ಬೇಕು. ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವ ಬದಲು ಬರೆದು ಇಟ್ಟುಬಿಡೋಣ ಅನ್ನಿಸಿತು.

ಕೆಲಸ ಸಿಕ್ಕಿದ್ದು ಕುರುಗೋಡಿನಲ್ಲಿ. ಪಾಠ ಓದಿ ‘ತಿಳೀತಾ?’ ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ತಿಳೀತ್ರೀ ಟೀಚರ್’ ಎನ್ನುತ್ತಿತ್ತು. ಪರೀಕ್ಷೆಯ ಕಾಗದ ನೋಡಿದರೆ ತಿಳಿದದ್ದು ಏನೂ ಇರುತ್ತಿರಲಿಲ್ಲ. ಕೋಲೆ ಬಸವನ ಹಾಗೆ ತಲೆಯಾಡಿಸುವ ಮಕ್ಕಳು, ಆಡಿಸಿದರೆ ಸಂತೋಷಪಡುವ ನಾವು. ಹಾಗಾದರೆ ತಿಳಿದದ್ದು ಗೊತ್ತಾಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡಾಗ ಹೊಳೆದದ್ದು ಜೋಕು. ಉತ್ತರವನ್ನು ಪಕ್ಕದವನ ಹಾಳೆ ನೋಡಿ ಬರೆಯಬಹುದು, ನಗುವನ್ನು ಹಾಗೆ ನಕಲು ಮಾಡಲಾಗದು ಎಂಬುದು ನನ್ನ ನಂಬಿಕೆ. ಎಂಥ ಬುದ್ಧಿವಂತೆ ನಾನು ಎಂದು ಆಗ ಅನ್ನಿಸಿತ್ತು.

ಹಳೆಯ ಪತ್ರಿಕೆಗಳಿಂದ ನಾಲ್ಕೈದು ಸಾಲಿನ ಇಂಗ್ಲಿಷ್ ಜೋಕುಗಳನ್ನು ಆರಿಸಿದೆ, ಸಾಲದ್ದಕ್ಕೆ ಕೆಲವನ್ನು ನಾನೇ ಕಟ್ಟಿದೆ. ಹಾಳೆಯ ಮೇಲರ್ಧಕ್ಕೆ ಇಂಗ್ಲಿಷು, ಕೆಳಗರ್ಧಕ್ಕೆ ಅದರದೇ ಕನ್ನಡ. ಕಾರ್ಬನ್ ಇಟ್ಟು ಬೆರಳು ನೀಲಿಯಾಗುವ ತನಕ ಬರೆದು, ನಡುವೆ ಮಡಿಸಿ, ಮಕ್ಕಳಿಗೆ ಹಂಚುತ್ತಿದ್ದೆ. ಮೊದಲು ನಾನು ಇಂಗ್ಲಿಷ್ ಓದಬೇಕು, ಮಕ್ಕಳು ಕೇಳಬೇಕು, ನಕ್ಕವರು ಗೆದ್ದ ಹಾಗೆ. ಉಳಿದವರು ಮಡಿಕೆ ಬಿಚ್ಚಿ ಕನ್ನಡ ನೋಡಬಹುದು. ಮೊದಲ ಜೋಕು ಬಸ್ಸಿನದು. ಡ್ರೈವರ್ ಸೀಟಿನಲ್ಲಿ ಕೂತವನನ್ನು ಪ್ರಯಾಣಿಕನೊಬ್ಬ ‘ಬಸ್ಸು ಎಷ್ಟೊತ್ತಿಗೆ ಬಿಡ್ತೀರಿ?’ ಎಂದು ಕೇಳುತ್ತಾನೆ. ಅವನು, ‘ನಂಗೇನು ಗೊತ್ತು? ಡ್ರೈವರ್ ಬಂದ್ರೆ ನನ್ನ ಸೀಟು ಹೋಗುತ್ತೆ ಅಂತ ನಂಗೇ ಭಯ’ ಎನ್ನುತ್ತಾನೆ. ತರಗತಿ ಬಿದ್ದು ಬಿದ್ದು ನಕ್ಕಿತು. ಯಾರೂ ಮಡಿಕೆ ಬಿಚ್ಚಲೇ ಇಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದಿನ ಬೆಂಚಿನ ಎರ್ರಿಸ್ವಾಮಿ. ಗಾರೆ ಕೆಲಸದವರ ಮಗ, ಹತ್ತನೇ ತರಗತಿ, ಉದ್ದ ಕೈಕಾಲು, ಹೊಟ್ಟೆ ಹಿಡಿದುಕೊಂಡು ನಗುವ ಅಭ್ಯಾಸ. ವರ್ಷವಿಡೀ ಒಂದು ಜೋಕಿಗೂ ಅವನು ನಗದೆ ಇರಲಿಲ್ಲ. ಹೆಡ್‌ಮಾಸ್ತರಿಗೂ ಹೇಳಿದ್ದೆ, ‘ನೋಡ್ರಿ ಸಾರ್, ಅಂಕ ಬರದಿದ್ದರೂ ಆ ಹುಡುಗನಿಗೆ ಇಂಗ್ಲಿಷ್ ಹೊಳೆಯುತ್ತದೆ.’ ಹೇಳುವಾಗ ಎದೆ ಉಬ್ಬಿತ್ತು.

ವರ್ಷ ಮುಗಿಯುವ ಹೊತ್ತಿಗೆ ನನ್ನ ದವಡೆ ಹಲ್ಲು ಕೀಳಿಸಿದೆ. ಮರುದಿನ ಕೆನ್ನೆ ಊದಿ, ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. ರಜೆ ಹಾಕುವ ಜಾಯಮಾನ ನನ್ನದಲ್ಲ. ಹೋಗಿ, ಊದಿದ ಕೆನ್ನೆಯಲ್ಲೇ ಜೋಕು ಓದಿ ಮುಗಿಸಿದೆ. ಸದ್ದಿಲ್ಲ. ಇಡೀ ತರಗತಿ ನನ್ನ ಮುಖವನ್ನೇ ನೋಡುತ್ತ ಕೂತಿದೆ. ಇನ್ನೊಮ್ಮೆ ಓದಿದೆ. ಒಬ್ಬರ ತುಟಿಯೂ ಅಲುಗಲಿಲ್ಲ. ಎರ್ರಿಸ್ವಾಮಿಯನ್ನು ನಿಲ್ಲಿಸಿ ಕೇಳಿದೆ, ‘ಯಾಕಪ್ಪ, ಇವತ್ತು ನಗು ಬರಲಿಲ್ಲವಾ?’

‘ನೀವು ನಗಲಿಲ್ಲಲ್ರೀ ಟೀಚರ್’ ಎಂದ ಅವನು, ಗಾಬರಿಯಿಂದ. ‘ನೀವು ನಕ್ರ ನಾವು ನಗ್ತೀವ್ರಿ. ದೊಡ್ಡೋರು ನಗದ ನಾವ್ಹೆಂಗ ನಗಾಕ ಆಕ್ಕೈತಿ?’

ಕೈಯಲ್ಲಿದ್ದ ಹಾಳೆ ಮಡಿಸಿ ಮೇಜಿನ ಮೇಲಿಟ್ಟೆ. ಪ್ರತಿ ಜೋಕಿನ ಕೊನೆಗೆ ತಡೆಯಲಾರದೆ ನಾನೇ ಮೊದಲು ನಗುತ್ತಿದ್ದೆ, ಅವರು ಮರ್ಯಾದೆಗೆ ನನ್ನ ಜೊತೆ ನಗುತ್ತಿದ್ದರು. ಗುರು ನಕ್ಕಾಗ ಬಿಗಿದುಕೊಂಡು ಕೂರುವುದು ನಮ್ಮ ಕಡೆ ಉದ್ಧಟತನ. ಮನೆಯಲ್ಲಿ ಒಳ್ಳೆಯ ನಡತೆ ಕಲಿತ ಮಕ್ಕಳು ಅವರು. ನಾನು ವರ್ಷವಿಡೀ ಕಂಡದ್ದು ಅವರ ಇಂಗ್ಲಿಷನ್ನಲ್ಲ, ಅವರ ವಿನಯವನ್ನು. ಆ ವರ್ಷದ ಫಲಿತಾಂಶದ ಬಗ್ಗೆ ಹೇಳುವುದು ಬೇಡ. ಎರ್ರಿಸ್ವಾಮಿ ಇಂಗ್ಲಿಷಿನಲ್ಲಿ ಫೇಲಾಗಿ ಶಾಲೆ ಬಿಟ್ಟ. ಮುಂದಿನ ತಂಡಗಳಿಗೆ ನನ್ನ ತಪ್ಪು ತಿದ್ದಿಕೊಂಡೆ, ಅವನ ಪಾಲಿಗೆ ತಿದ್ದಲು ದಾರಿ ಇರಲಿಲ್ಲ.

ಮುಂದೆ ಸಿರುಗುಪ್ಪಕ್ಕೆ ವರ್ಗವಾಯಿತು. ಅಲ್ಲಿ ಎರಡು ನಿಯಮ ಮಾಡಿಕೊಂಡೆ. ಒಂದು, ನಾನು ನಗಕೂಡದು. ಇನ್ನೊಂದು, ನಕ್ಕವರು ಎದ್ದು ನಿಂತು ಅದೇ ಜೋಕನ್ನು ಮನೆಯ ಮಾತಿನಲ್ಲಿ ಹೇಳಬೇಕು. ಆಂಧ್ರದ ಗಡಿ ಹತ್ತಿರವೇ. ತರಗತಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಇದ್ದವು. ಇಂಗ್ಲಿಷಿನಲ್ಲಿ ಓದಿದಾಗ ಇಬ್ಬರೋ ಮೂವರೋ ನಗುವರು. ಒಬ್ಬ ಅದನ್ನು ಕನ್ನಡದಲ್ಲಿ ಹೇಳಿದರೆ ಅರ್ಧ ತರಗತಿ ನಗುವುದು. ಇನ್ನೊಬ್ಬಳು ತೆಲುಗಿನಲ್ಲಿ ಹೇಳಿದಾಗ ಕಿಟಕಿ ಪಕ್ಕದ ಸಾಲು, ಮತ್ತೊಬ್ಬ ಉರ್ದುವಿನಲ್ಲಿ ಹೇಳಿದಾಗ ಬಾಗಿಲ ಪಕ್ಕದ ಸಾಲು. ಜೋಕು ಮುಗಿದ ಮೇಲೆ, ನಗು ಬರುವ ಮೊದಲು, ಒಂದು ಕ್ಷಣ ಮಗುವಿನ ಕಣ್ಣು ದೊಡ್ಡದಾಗುತ್ತದೆ. ಬೇರೆ ದೇಶದ ಯಾರೋ ಬರೆದ ಮಾತು ಆ ಕ್ಷಣದಲ್ಲಿ ಆ ಪುಟ್ಟ ತಲೆಯೊಳಗೆ ಹೋಗಿ ಕೂರುತ್ತದೆ. ಸಾವಿರ ಸಲ ನೋಡಿದ್ದೇನೆ. ಪ್ರತಿ ಸಲವೂ ಮೈ ಜುಮ್ಮೆಂದಿದೆ. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಬೆರಗು ಅದೇ.

ಆದರೂ ಕೆಲವು ಜೋಕುಗಳು ನಮ್ಮೂರ ಬಿಸಿಲಿಗೆ ಒಣಗಿಹೋಗುತ್ತಿದ್ದವು. ಒಂದರಲ್ಲಿ ಅಂಗಡಿಯವನು ಛತ್ರಿ ಮಾರುತ್ತ, ‘ಹತ್ತು ವರ್ಷ ಬಾಳಿಕೆ ಬರುತ್ತದೆ, ಮಳೆಯಲ್ಲಿ ಮಾತ್ರ ನೆನೆಸಬೇಡಿ’ ಎನ್ನುತ್ತಾನೆ. ಯಾರೂ ನಗಲಿಲ್ಲ. ಅದೇ ಹೊತ್ತಿಗೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ‘ಪಾಠ ಯೋಜನೆಯಲ್ಲಿ ನಗುವುದಕ್ಕೆ ಯಾವ ಕಾಲಂ ಇದೆ ಮೇಡಂ?’ ಎಂದು ಆಗಲೇ ಒಮ್ಮೆ ಚುಚ್ಚಿದ್ದರು. ಈಗ ಹಾಳೆ ಇಸಿದುಕೊಂಡು ಓದಿ, ಕನ್ನಡಕ ತೆಗೆದು, ‘ಇದರಲ್ಲಿ ನಗೋದೇನೈತ್ರಿ? ಖರೇ ಹೇಳ್ಯಾನ. ಛತ್ರಿ ತೊಯ್ಸಿದ್ರ ಕಡ್ಡಿ ತುಕ್ಕು ಹಿಡೀತಾವ. ಬಿಸಿಲಿಗಷ್ಟ ಹಿಡೀಬೇಕು’ ಎಂದರು. ಮಕ್ಕಳೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಬಳ್ಳಾರಿ ಸೀಮೆಯಲ್ಲಿ ಛತ್ರಿ ಬಿಡಿಸುವುದು ಬಿಸಿಲಿಗೆ, ಮಳೆಗೆ ಕೈಗೆ ಸಿಕ್ಕ ಗೋಣಿಚೀಲ ಸಾಕು. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಜೋಕಿನ ತಿರುಳು ಸಾಹೇಬರಿಗೆ ಸಿಕ್ಕಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ‘ಹೌದು ಸರ್’ ಎಂದೆ.

ಆಮೇಲೆ ಬಳ್ಳಾರಿ ನಗರದ ಶಾಲೆ. ಕಾರ್ಬನ್ ಹೋಗಿ ಜೆರಾಕ್ಸ್ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಎತ್ತರದ ಆಳೊಬ್ಬ ನಿಂತಿದ್ದ. ಗಡ್ಡ, ಎಣ್ಣೆ ಹತ್ತಿದ ಬೂಟು. ‘ಟೀಚರ್, ನಾ ಎರ್ರಿಸ್ವಾಮ್ರೀ, ಕುರುಗೋಡು’ ಎಂದ ಮೇಲೆ ಕೈಕಾಲುಗಳ ಗುರುತು ಸಿಕ್ಕಿತು. ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಕುಡತಿನಿ ಕಡೆ ಹೊಸದಾಗಿ ಎದ್ದ ಒಂದು ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸ ನಡೆದಿತ್ತು. ಅಲ್ಲಿ ಕ್ರೇನಿನ ಮುಂದೆ ನಿಂತು, ಎತ್ತು ಎಂದು ಹಸಿರು ಬಾವುಟ, ನಿಲ್ಲು ಎಂದು ಕೆಂಪು ಬಾವುಟ ತೋರಿಸುವುದು ಅವನ ಕೆಲಸ. ಮೇಲಿನವರು ಚೀನಾದಿಂದ ಬಂದ ಫೋರ್‌ಮನ್, ಹೆಸರು ಲಿಯು. ಇಬ್ಬರ ನಡುವೆ ಇದ್ದ ಭಾಷೆ ಹರಕು ಮುರುಕು ಇಂಗ್ಲಿಷು.

ಅಂಗಿಯೊಳಗಿಂದ ಎರ್ರಿಸ್ವಾಮಿ ಒಂದು ಸಣ್ಣ ಪುಸ್ತಕ ತೆಗೆದು ನನ್ನ ಕೈಗಿಟ್ಟ. ರಟ್ಟು ಕಿತ್ತುಹೋಗಿತ್ತು. ಪುಟಕ್ಕೊಂದು ಜೋಕು, ಮೇಲೆ ನಾಲ್ಕೈದು ಸಾಲು ಇಂಗ್ಲಿಷು, ಕೆಳಗೆ ಅಷ್ಟೇ ಸಾಲು ಚೀನೀ ಅಕ್ಷರ. ಲಿಯು ಈ ದೇಶಕ್ಕೆ ಹೊರಡುವ ಮೊದಲು ಇದನ್ನೇ ಓದಿ ಇಂಗ್ಲಿಷ್ ಕಲಿತರಂತೆ, ಈಗ ಓದಲು ಇವನಿಗೆ ಕೊಟ್ಟಿದ್ದರು. ಕಾರ್ಬನ್ ಇಟ್ಟು ಬೆರಳು ನೀಲಿ ಮಾಡಿಕೊಂಡು ನಾನೊಬ್ಬಳೇ ಕಂಡುಹಿಡಿದೆ ಅಂದುಕೊಂಡಿದ್ದನ್ನು ಹಿಮಾಲಯದಾಚೆ ಯಾರೋ ಅಚ್ಚು ಹಾಕಿಸಿ ಮಕ್ಕಳ ಕೈಗೆ ಕೊಟ್ಟಿದ್ದರು. ಕೆಳಗಿನರ್ಧಕ್ಕೆ ಅಂಗೈ ಮುಚ್ಚಿ ಪುಟ ತಿರುವಿದೆ. ನಡುವೆ ಎಲ್ಲೋ ಆ ಛತ್ರಿಯ ಜೋಕೂ ಇತ್ತು! ಆ ಹಾಳಾದ ಛತ್ರಿ ಯಾವ ಯಾವ ಊರು ಸುತ್ತಿ ಬಂದಿತ್ತೋ. ಕಣ್ಣಲ್ಲಿ ನೀರು ಬಂತು.

ಅಳುವ ಪುಸ್ತಕವಲ್ಲ ಅದು, ಎರ್ರಿಸ್ವಾಮಿ ಬಂದದ್ದೂ ಪುಸ್ತಕ ತೋರಿಸುವುದಕ್ಕಲ್ಲ.

‘ಊಟದ ಟೈಮಿಗೆ ಸಾರ್ ಇದನ್ನ ಓದೋರ್ರಿ. ಓದಿ ನಗೋರು. ನಾನೂ ನಗ್ತಿದ್ದೆ’ ಎಂದ. ‘ಇವ್ನಿಗೆ ಇಂಗ್ಲಿಷ್ ಬರ್ತೈತಿ ಅಂತ ತಿಳ್ಕೊಂಡು ಬಾವುಟ ನನ್ನ ಕೈಗೆ ಕೊಟ್ರು. ಮುಂಜಾಲೆ ಏನೇನೋ ಹೇಳೋರು, ಅಂಡರ್‌ಸ್ಟ್ಯಾಂಡ್ ಅನ್ನೋರು. ನಾ ಎಸ್ ಸಾರ್ ಅನ್ನೋನು. ಅರ್ಧ ಅಂದಾಜಿನ ಮ್ಯಾಲೆ ನಡೀತಿತ್ರಿ.’

ಹಿಂದಿನ ವಾರ ಲಿಯು ಬೆಳಿಗ್ಗೆ ಹೇಳಿದ್ದರಂತೆ, ಇವತ್ತು ಪೈಪನ್ನು ಪಶ್ಚಿಮಕ್ಕೆ ಇಳಿಸುವುದು ಬೇಡ, ಅಲ್ಲಿ ನಾನು ಅಳತೆ ತೆಗೆಯುತ್ತಿರುತ್ತೇನೆ, ಹೊರಗೆ ಬಂದು ಕೈ ಎತ್ತುವ ತನಕ ಎತ್ತಿಸಬೇಡ. ಇವನು ಎಸ್ ಸಾರ್ ಎಂದ. ಹಿಂದಿನ ದಿನದ ರೂಢಿಯಂತೆ ಹಸಿರು ತೋರಿಸಿದ. ಪೈಪು ತೂಗುತ್ತ ಹೋಗಿ, ಟೇಪು ಹಿಡಿದು ಬಗ್ಗಿದ್ದ ಲಿಯು ತಲೆಯ ಮೇಲಿನ ಹೆಲ್ಮೆಟ್ಟನ್ನು ಹಾರಿಸಿತು.

‘ಒಂದ್ ಗೇಣು ಈ ಕಡಿ ಬಂದಿದ್ರ ಸಾರ್ ಉಳೀತಿರ್ಲಿಲ್ರೀ ಟೀಚರ್. ಹೆಲ್ಮೆಟ್ ಎತ್ಕೊಂಡು ಬಂದು ಬೈಲಿಲ್ಲ, ಹೊಡೀಲಿಲ್ಲ. ನೀ ನಗ್ತಿದ್ದಿ, ಅದಕ್ಕ ನಿಂಗ ಗೊತ್ತೈತಿ ಅಂದ್ಕೊಂಡೆ ಅಂದ್ರು. ಬಾವುಟ ಕಸ್ಕೊಂಡ್ರು. ಇವತ್ತಿಂದ ಹದಿನೈದು ದಿನ ಕೊಟ್ಟಾರ. ಅಷ್ಟ್ರಾಗ ಕಲೀಲಿಲ್ಲಂದ್ರ ಮನೀಗೆ. ಮನೀಗೆ ಹೋದ್ರ ಹೋಗ್ಲಿ, ಇನ್ನೊಬ್ರ ತಲೀ ಮ್ಯಾಲೆ ಏನರ ಬಿದ್ರ?’

ದೀಪದ ಕೆಳಗೆ ಕತ್ತಲು ಅನ್ನುತ್ತಾರಲ್ಲ, ಇದು ಅದೇ. ದೊಡ್ಡವರು ನಕ್ಕರೆ ನಗಬೇಕು, ದೊಡ್ಡವರು ಕೇಳಿದರೆ ತಿಳೀತು ಅನ್ನಬೇಕು ಎಂಬುದನ್ನು ವರ್ಷವಿಡೀ ನನ್ನ ತರಗತಿಯಲ್ಲೇ ಅವನು ರೂಢಿಸಿಕೊಂಡಿದ್ದ. ಲಿಯು ಮಾಡಿದ ತಪ್ಪು ನಾನು ಮಾಡಿದ್ದೇ. ನನ್ನದಕ್ಕೆ ಒಂದು ಫಲಿತಾಂಶ ಕೆಟ್ಟಿತು, ಅವರದಕ್ಕೆ ಜೀವ ಹೋಗುತ್ತಿತ್ತು. ‘ದಿನಾ ಡ್ಯೂಟಿ ಮುಗಿದ ಕೂಡಲೇ ಇಲ್ಲಿಗೆ ಬಾ’ ಎಂದೆ.

ಎತ್ತು, ಇಳಿಸು, ನಿಲ್ಲು, ಎಡ, ಬಲ, ಕಾಯು ಇವೆಲ್ಲ ನಾಲ್ಕು ದಿನದಲ್ಲಿ ಬಂದವು. ಅವನು ದಡ್ಡನಲ್ಲ. ಕಷ್ಟವಾದದ್ದು ಬೇರೆ. ‘ಒಂದು ಜೋಕು ಹೇಳ್ತೀನಿ ಕೇಳು’ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬ ಅಂಗಡಿಗೆ ಹೋದ, ಒಂದು ಕೇಜಿ ಅಕ್ಕಿ ತಗೊಂಡ, ಮನೆಗೆ ಬಂದ. ಅಷ್ಟೇ. ಬೇಕೆಂದೇ ಬಾಲ ಕತ್ತರಿಸಿದ ಜೋಕು. ಕೊನೆಗೆ ಸುಮ್ಮನೆ ನಾನು ನಕ್ಕೆ. ಎರ್ರಿಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ.

‘ಯಾಕಪ್ಪ ನಕ್ಕೆ? ಇದರಲ್ಲಿ ಏನಿದೆ?’

‘ಏನೂ ಇಲ್ರಿ. ನೀವು ನಕ್ರಲ್ರೀ ಟೀಚರ್.’

‘ನಾನು ಬಾವಿಗೆ ಹಾರಿದರೆ ನೀನೂ ಹಾರ್ತೀಯಾ?’ ಎಂದು ರೇಗಿದೆ. ಅವನು ತಲೆ ತಗ್ಗಿಸಿ ಅದಕ್ಕೂ ‘ಹೂಂನ್ರಿ’ ಎಂದ. ಮರುದಿನ ಇನ್ನೊಂದು ಬಾಲವಿಲ್ಲದ ಜೋಕು, ಮತ್ತೆ ನಗು. ಇಂಗ್ಲಿಷ್ ನಾಲಿಗೆಗೆ ಹತ್ತಿತ್ತು. ತಿಳಿಯಲಿಲ್ಲ ಎಂಬ ಒಂದು ಮಾತು ಮಾತ್ರ ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ‘ದೊಡ್ಡೋರ ಮಕದ ಮ್ಯಾಲೆ ಹೆಂಗ ಅನ್ಲಿ? ಅವ್ರು ಹೇಳಿದ್ದು ಸರಿ ಇಲ್ಲ ಅಂದಂಗ ಆಕ್ಕೈತ್ರಿ’ ಎನ್ನುತ್ತಿದ್ದ. ಬೈದು ಬೈದು ನನಗೇ ಸಾಕಾಯಿತು.

ದಾರಿ ಸಿಕ್ಕಿದ್ದು ಆ ಪುಸ್ತಕದಲ್ಲೇ. ಒಂದು ಸಂಜೆ ಪುಟ ತಿರುವುವಾಗ ಅಂಚಿನಲ್ಲಿ ಪೆನ್ಸಿಲ್ ಗುರುತು ಕಂಡವು. ಕೆಲವು ಜೋಕಿನ ಪಕ್ಕ ಸಣ್ಣ ಸೊನ್ನೆ, ಬಹಳಷ್ಟರ ಪಕ್ಕ ಗುಣಿಸುವ ಗುರುತು. ಕೆಲವೆಡೆ ಗುಣಿಸುವ ಗುರುತನ್ನು ಒರೆಸಿ ಸೊನ್ನೆ ಹಾಕಿತ್ತು. ‘ಇದೇನೋ ನಾಳೆ ನಿಮ್ಮ ಸಾಹೇಬರನ್ನೇ ಕೇಳ್ಕೊಂಡು ಬಾ’ ಎಂದು ಕಳಿಸಿದೆ. ಮರುದಿನ ಅವನು ಬೂಟು ಬಿಡುವುದನ್ನೂ ಮರೆತು ಒಳಗೆ ಬಂದ.

‘ಟೀಚರ್, ಸೊನ್ನಿ ಅಂದ್ರ ನಗು ಬಂದದ್ದಂತ್ರಿ. ಆ ಇನ್ನೊಂದು, ಸಾರ್‌ಗೆ ತಿಳೀದ ಇದ್ದದ್ದಂತ. ತಿಳಿದೋರನ್ನ ಹುಡುಕ್ಕೊಂಡ್ ಹೋಗಿ ಕೇಳಿ, ಆಮ್ಯಾಲೆ ಒರೆಸ್ತಿದ್ರಂತ!’ ಪುಸ್ತಕ ತೆಗೆದು ಆ ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸತೊಡಗಿದ. ಎಣಿಸುತ್ತ ಎಣಿಸುತ್ತ ದನಿ ಸಣ್ಣದಾಯಿತು. ‘ಇಷ್ಟ್ ತಿಳೀದಿದ್ರೂ ಅಷ್ಟ್ ದೊಡ್ಡ ಮಿಷನ್ ಕೂಡಸ್ತಾರಲ್ರೀ!’

ಅವತ್ತು ಪಾಠ ಮಾಡಲಿಲ್ಲ. ಎಂದೂ ನೋಡದ ಊರಿನ ಒಬ್ಬ ಮನುಷ್ಯ ಯಾರಿಗೂ ಕಾಣದಂತೆ ಪೆನ್ಸಿಲಿನಲ್ಲಿ ಹಾಕಿಕೊಂಡ ಗುರುತು ಕುರುಗೋಡಿನ ಗಾರೆಯವರ ಮಗನಿಗೆ ಪಾಠ ಮಾಡುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಒಳ್ಳೆಯ ಪಾಠ ನಾನು ಮಾಡಿದ ನೆನಪಿಲ್ಲ.

ಹದಿನೈದನೆಯ ದಿನ ಭಾನುವಾರ. ಲಿಯು ತಾವೇ ಮನೆಗೆ ಬಂದರು, ಜೊತೆಗೆ ಜೀಪಿನ ಡ್ರೈವರ್ ಮಾತ್ರ. ಕುಳ್ಳಗೆ ಗಟ್ಟಿಮುಟ್ಟಾದ ಆಳು, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ನಮ್ಮ ಯಜಮಾನರು ಕುರ್ಚಿ ಹಾಕಿದರು, ನಾನು ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ಕೊಟ್ಟೆ. ಮಿರ್ಚಿ ಕಚ್ಚಿ ಬೆವರಿದರೂ ಲಿಯು ತಟ್ಟೆ ಕೆಳಗಿಡಲಿಲ್ಲ. ಎರ್ರಿಸ್ವಾಮಿ ಗೋಡೆಗೆ ಒರಗಿ ನಿಂತಿದ್ದ. ಇನ್ನು ಇವರು ಎತ್ತು ಇಳಿಸು ಕೇಳುತ್ತಾರೆ ಎಂದು ನಾನು ಕಾದೆ. ಲಿಯು ಅದನ್ನು ಕೇಳಲಿಲ್ಲ. ಒಂದು ಜೋಕು ಹೇಳುತ್ತೇನೆ ಎಂದು, ಪುಸ್ತಕ ನೋಡದೆ, ತಮ್ಮೂರಿನದೇ ಒಂದನ್ನು ಸಾವಕಾಶ ಇಂಗ್ಲಿಷಿನಲ್ಲಿ ಹೇಳಿದರು.

ಅವರ ಊರಲ್ಲಿ ಚಳಿಗಾಲ. ಚಿಕ್ಕಪ್ಪ ಬೆಳಿಗ್ಗೆ ಮಬ್ಬಿನಲ್ಲಿ ಕೆಲಸಕ್ಕೆ ಹೊರಟ. ದೊಡ್ಡ ಸಾಹೇಬರ ಅಂಗಳದಲ್ಲಿ ಸಾಹೇಬರ ಕೋಟು ಒಗೆದು ಹಗ್ಗಕ್ಕೆ ಹಾಕಿತ್ತು, ಅದು ಮನುಷ್ಯನ ಹಾಗೆ ನೆಟ್ಟಗೆ ನಿಂತಿತ್ತು. ಚಿಕ್ಕಪ್ಪ ನಿಂತು, ಸೊಂಟ ಬಾಗಿಸಿ ಕೋಟಿಗೆ ನಮಸ್ಕಾರ ಮಾಡಿದ. ಕೋಟು ಮಾತಾಡಲಿಲ್ಲ. ಸಾಹೇಬರಿಗೆ ನನ್ನ ಮೇಲೆ ಯಾಕೆ ಸಿಟ್ಟು ಬಂತೋ ಎಂದು ಅವನು ಸಂಜೆಯವರೆಗೆ ಚಿಂತೆ ಮಾಡಿದ.

ಇಷ್ಟು ಹೇಳಿ ಲಿಯು ಕಣ್ಣು ಮುಚ್ಚಿ ನಕ್ಕರು. ಯಜಮಾನರು ನಕ್ಕರು. ಡ್ರೈವರ್ ನಕ್ಕ. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ.

ಎರ್ರಿಸ್ವಾಮಿ ನಗಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಗೋಡೆ ಬಿಟ್ಟು ಮುಂದೆ ಬಂದು, ‘ನೋ ಸಾರ್’ ಎಂದ. ‘ನಾಟ್ ಅಂಡರ್‌ಸ್ಟ್ಯಾಂಡ್. ಕೋಟ್, ನೋ ಮ್ಯಾನ್ ಇನ್‌ಸೈಡ್. ಹೌ ಸ್ಟ್ಯಾಂಡ್?’

ನಗು ನಿಂತಿತು. ಲಿಯು ತಟ್ಟೆ ಕೆಳಗಿಟ್ಟು, ಎದ್ದು, ಅವನ ಎರಡೂ ತೋಳು ಹಿಡಿದು ಮುಖವನ್ನೇ ನೋಡಿದರು. ‘ಟುಮಾರೋ, ಫ್ಲ್ಯಾಗ್’ ಎಂದರು. ಅಷ್ಟೇ ಮಾತು. ಎರ್ರಿಸ್ವಾಮಿಗೆ ಅದು ಚೆನ್ನಾಗಿ ತಿಳಿಯಿತು. ಅವನ ಗಡ್ಡ ಅದುರಿತು.

ಲಿಯು ಅಲ್ಲಿಗೇ ಬಿಡಲಿಲ್ಲ. ಜೇಬಿನ ಕರ್ಚೀಫು ತೆಗೆದು, ಕೊಡದ ನೀರಿನಲ್ಲಿ ಅದ್ದಿ ಹಿಂಡಿ, ನನ್ನನ್ನು ಕೇಳಿ ಒಂದು ತಟ್ಟೆಯ ಮೇಲೆ ಹರಡಿ, ಫ್ರಿಜ್ಜಿನಲ್ಲಿ ಐಸು ಆಗುವ ಜಾಗದಲ್ಲಿಟ್ಟರು. ಎಲ್ಲರೂ ಎರಡೆರಡು ಸಲ ಚಹಾ ಕುಡಿದೆವು. ಆಮೇಲೆ ಅದನ್ನು ತೆಗೆದು ಕೆಳಗಿನ ತುದಿ ಹಿಡಿದು ಎತ್ತಿದರು. ಕರ್ಚೀಫು ಹಪ್ಪಳದ ಹಾಗೆ ನೆಟ್ಟಗೆ ನಿಂತಿತ್ತು! ಅಂಗಳಕ್ಕೆ ಹಾಕಿದ ಸೀರೆ ಹತ್ತು ನಿಮಿಷಕ್ಕೆ ಒಣಗಿ ಗಾಳಿಗೆ ಹಾರುವುದನ್ನಷ್ಟೇ ನೋಡಿದವರು ನಾವು. ಚಳಿಗೆ ಒದ್ದೆ ಬಟ್ಟೆ ಹೆಪ್ಪುಗಟ್ಟಿ ತಾನಾಗಿ ನಿಲ್ಲುತ್ತದೆ ಎಂದರೆ ಯಾರು ನಂಬಬೇಕು? ಎಲ್ಲರೂ ಬಾಯಿ ತೆರೆದು ನೋಡುತ್ತಿರುವಾಗಲೇ ನಮ್ಮ ಬಳ್ಳಾರಿಯ ಸೆಕೆಗೆ ಕರ್ಚೀಫಿನ ಮೇಲಂಚು ಮೆತ್ತಗಾಗಿ, ನಿಧಾನವಾಗಿ, ಎರ್ರಿಸ್ವಾಮಿಯ ಕಡೆಗೇ ಬಾಗಿತು.

ಅವನ ಕಣ್ಣು ದೊಡ್ಡದಾದವು. ಒಂದು ಕ್ಷಣ. ನಂತರ ನಗು ಬಂತು. ತರಗತಿಯಲ್ಲಿ ನಾನು ಕೇಳುತ್ತಿದ್ದ ಆ ಜೋರು ನಗು ಅಲ್ಲ. ಮೊದಲು ಮೂಗಿನಲ್ಲಿ ಒಂದು ಉಸಿರು, ಆಮೇಲೆ ತಡೆಯಲಾಗದೆ ನೆಲಕ್ಕೆ ಕೂತು, ‘ಕೋಟಿಗೆ ಶರಣು ಹೊಡದ್ನಲ್ರೀ!’ ಎಂದು ಕಣ್ಣೊರೆಸಿಕೊಂಡ. ಅವನ ನಿಜವಾದ ನಗು ಹೇಗಿರುತ್ತದೆ ಎಂದು ನಾನು ಕಂಡದ್ದು ಅದೇ ಮೊದಲು. ಯಜಮಾನರು, ಡ್ರೈವರ್, ನಾನು, ಎಲ್ಲರಿಗೂ ಆಗ ನಗು ಬಂತು, ಈ ಸಲ ಖರೇ ನಗು.

ನಗು ತಗ್ಗಿದ ಮೇಲೆ ಎರ್ರಿಸ್ವಾಮಿ ನನ್ನ ಕಡೆ ತಿರುಗಿದ. ಚೇಷ್ಟೆಯೇನೂ ಇರಲಿಲ್ಲ, ತಿಳಿಯುವ ಕುತೂಹಲ ಅಷ್ಟೇ.

‘ಟೀಚರ್, ಆಗ್ಲೇ ನಕ್ರಲ್ರೀ ನೀವು. ನಿಮಗ ಮೊದ್ಲ ತಿಳಿದಿತ್ತೇನ್ರಿ?’

ಬಾಯಿ ತುದಿಗೆ ‘ಹೂಂ’ ಬಂದಿತ್ತು. ನುಂಗಿಕೊಂಡೆ.

‘ಇಲ್ಲಪ್ಪ’ ಎಂದೆ.

‘ಹಂಗಂದ್ರ ಕೇಳಬೇಕಿತ್ರೀ ಟೀಚರ್’ ಎಂದ ಅವನು, ಮೆಲ್ಲಗೆ.